ಹನ್ನೊಂದು ಪುಟ ಬ್ರೆಡ್ಡು, ಒಂದು ಪುಟ ಸಾರು

ಸಾಂತ ಊರ್ಸುಲ
ಭಾನುವಾರ, ೫ ಅಕ್ಟೋಬರ್ ೧೯೯೭

ಬೆಲ್ಮಿರೊ,

ನೀನು ಆರೋಗ್ಯವಾಗಿದ್ದೀಯೆಂದು ನಿನ್ನ ತಂಗಿ ಅಸುನ್ಸಾಂವ್ ಹೇಳುತ್ತಾಳೆ. ನಾನು ಫೋನ್ ಮಾಡಿದಾಗಲೆಲ್ಲ ನೀನು ಅವಳ ಮನೆಯ ಚಾವಣಿಯ ಮೇಲಿರುತ್ತೀಯಂತೆ. ಎಂಟು ತಿಂಗಳಾಯಿತು. ಆ ಮನೆಗೆ ಅಷ್ಟು ಹೆಂಚುಗಳಿಲ್ಲ ಎಂಬುದು ನನಗೆ ಗೊತ್ತು: ಎರಡು ಕೋಣೆ, ಒಂದು ಅಡುಗೆಮನೆ, ಒಂದು ಕೋಳಿಗೂಡು. ಆದ್ದರಿಂದ ಕಾಗದ ಬರೆಯುತ್ತಿದ್ದೇನೆ. ಕಾಗದವನ್ನು ಚಾವಣಿಯ ಮೇಲೂ ಓದಬಹುದು.

ಇದು ಜಗಳದ ಕಾಗದವಲ್ಲ. ನಿನ್ನ ಒಂದು ಸಹಿ ಬೇಕಾಗಿದೆ.

ಫೆಬ್ರುವರಿಯಲ್ಲಿ ಬಂದಿದ್ದ ಪುರಸಭೆಯ ಮಫಾಲ್ದಳನ್ನು ನೀನು ಮರೆತಿರಲಾರೆ. ಲಿಸ್ಬನ್ನಿನಲ್ಲಿ ಓದಿದವಳು, ದಪ್ಪ ಕನ್ನಡಕ, ಹಲಗೆಗೆ ಸಿಕ್ಕಿಸಿದ ಕಾಗದ. ಅವಳ ಕೈಪಿಡಿ ಕೊನೆಗೂ ಅಚ್ಚಿಗೆ ಹೋಗುತ್ತಿದೆ. ಮಣ್ಣಿನ ಗುಡಾಣದಲ್ಲಿ ವೈನ್ ಮಾಡುವ ನಮ್ಮ ಊರಿನ ಹನ್ನೆರಡು ಮನೆಗಳು, ಮನೆಗೊಂದು ಪುಟ: ಮಾಡಿದವರ ಹೆಸರು, ದ್ರಾಕ್ಷಿ, ಬಣ್ಣ, ಜೊತೆಗೆ ಏನು ತಿನ್ನಬೇಕು. ನವೆಂಬರಿನಲ್ಲಿ ಸಂತ ಮಾರ್ಟಿನನ ದಿನ ಗುಡಾಣಗಳನ್ನು ತೆರೆಯುವಾಗ ಹೊರ ಊರಿನವರು ಇದನ್ನು ಕೈಯಲ್ಲಿ ಹಿಡಿದು ಬರಬೇಕೆಂಬುದು ಅವಳ ಆಸೆ.

ಕಳೆದ ಗುರುವಾರ ಮಧ್ಯಾಹ್ನ ಅವಳು ನಮ್ಮ ಖಾನಾವಳಿಗೆ ಬಂದು ಕರಡನ್ನು ಮೇಜಿನ ತುಂಬ ಹರಡಿದಳು. ಹನ್ನೊಂದು ಪುಟಗಳಲ್ಲಿ ‘ಜೊತೆಗೆ’ ಎಂಬ ಮಾತಿನ ಮುಂದೆ ಒಂದೇ ಪದವಿತ್ತು: ಬ್ರೆಡ್ಡು.

“ನೀವೇ ಹೇಳಿ ಅಕ್ಕ, ಇದು ಕೈಪಿಡಿನಾ, ಬೇಕರಿ ಬೋರ್ಡಾ?” ಎಂದಳು. “ಒಬ್ಬರೂ ಬೇರೆ ಏನೂ ಹೇಳಲ್ಲ. ಹಂದಿ ಮಾಂಸ ಹೊಂದುತ್ತಾ ಅಂದ್ರೆ ಮುಖ ತಿರುಗಿಸ್ತಾರೆ. ಕುರಿ ಸಾರು ಅಂದೆ ಅಷ್ಟೇ, ಜೆಫೆರಿನೊ ಮಾಮ ನನ್ನನ್ನ ಬಾಗಿಲ ತನಕ ನಡೆಸಿಕೊಂಡು ಹೋಗಿ ಬಿಟ್ಟುಬಂದ್ರು. ನಾನೇನು ಅವರನ್ನ ಬೈದೆನಾ?”

“ಬೈದೆ” ಎಂದೆ.

ಅವಳಿಗೆ ವಿವರಿಸಬೇಕಾಯಿತು. ಈ ಊರಿನಲ್ಲಿ ಒಬ್ಬರ ವೈನ್ ಚೆನ್ನಾಗಿಲ್ಲ ಎಂದು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಸಂತ ಮಾರ್ಟಿನನ ದಿನ ಮನೆಯಿಂದ ಮನೆಗೆ ಹೋಗುವಾಗ ತಿನ್ನಲು ಏನು ಒಯ್ಯುತ್ತಾರೆ ಎಂಬುದರಲ್ಲೇ ಎಲ್ಲ ಇರುತ್ತದೆ. ಒಳ್ಳೆಯ ವೈನ್ ಇರುವ ಮನೆಗೆ ಬರಿಯ ಬ್ರೆಡ್ಡು. ಸುಮಾರಾಗಿದ್ದರೆ ಚೀಸು. ಇನ್ನೂ ಸುಮಾರಾದರೆ ಒಣ ಮಾಂಸ. ಬಿಸಿ ಪಾತ್ರೆ ಹೊತ್ತುಕೊಂಡು ಯಾರಾದರೂ ಬೀದಿಯಲ್ಲಿ ಹೊರಟರೆಂದರೆ, ಯಾರ ಮನೆಗೆ ಹೋಗುತ್ತಿದ್ದಾರೆಂದು ಕಿಟಕಿಗಳು ತೆರೆದುಕೊಳ್ಳುತ್ತವೆ. ಮಫಾಲ್ದ ಎಲ್ಲವನ್ನೂ ಬರೆದುಕೊಂಡಳು. ಆಮೇಲೆ ಬರೆಯುವುದನ್ನು ನಿಲ್ಲಿಸಿ ಹನ್ನೆರಡನೆಯ ಪುಟವನ್ನು ನೋಡಿದಳು.

ಅದು ನಮ್ಮ ಪುಟ. ಕಾಸಾಂವ್ ಮೀನಿನ ಸಾರಿನ ಮಡಕೆ, ಪಕ್ಕದಲ್ಲಿ ನಿನ್ನ ವೈನಿನ ಲೋಟ, ಕಿಟಕಿಯ ಬೆಳಕು. ಚಿತ್ರ ನಿಜವಾಗಿಯೂ ಚೆನ್ನಾಗಿ ಬಂದಿದೆ. ಅದನ್ನೇ ಪುಸ್ತಕದ ಮೊದಲ ಪುಟವಾಗಿಸುವುದೆಂದು ಅವಳ ಮೇಲಿನವರು ತೀರ್ಮಾನಿಸಿದ್ದಾರಂತೆ. ನಿನ್ನ ಸಹಿಯಿಲ್ಲದೆ ಅಚ್ಚು ಹಾಕುವ ಹಾಗಿಲ್ಲ. ತಿಂಗಳ ಕೊನೆಯೊಳಗೆ ಹಾಕಬೇಕು, ಇಲ್ಲವೆ ಬೇಡವೆನ್ನಬೇಕು. ಬೇಡವೆಂದರೆ ಕೈಪಿಡಿಯಲ್ಲಿ ನಮ್ಮ ಮನೆ ಇರುವುದಿಲ್ಲ.

ಬೆಲ್ಮಿರೊ, ನಾನು ಯಾವುದನ್ನು ಕೇಳಲಿ ಎಂದೇ ತಿಳಿಯುತ್ತಿಲ್ಲ. ಸಹಿಯನ್ನು ಕೇಳುವ ಮೊದಲು ನಾನು ಇನ್ನೂ ನಿನ್ನ ಹೆಂಡತಿಯಾಗಿ ಕೇಳುತ್ತಿದ್ದೇನೆಯೊ ಇಲ್ಲವೊ ಎಂಬುದು ಗೊತ್ತಿರಬೇಕಲ್ಲವೆ? ಮೊನ್ನೆ ಸಂತೆಯಲ್ಲಿ ಕಸ್ತೋದಿಯ ನನ್ನ ಬುಟ್ಟಿಯೊಳಗೆ ಇಣುಕಿ, “ಒಬ್ಬಳಿಗೆ ಇಷ್ಟೊಂದು ಟೊಮೇಟೊ ಯಾಕೇ?” ಎಂದಳು. ಖಾನಾವಳಿ ನಡೆಸುವವಳಿಗೆ ಕೇಳುವ ಪ್ರಶ್ನೆಯೇ ಅದು? “ಅವನು ಬರ್ತಾನೋ ಇಲ್ವೋ, ಅದಾದ್ರೂ ಹೇಳು, ನಾವೂ ಒಂದು ನಿರ್ಧಾರಕ್ಕೆ ಬರ್ತೀವಿ” ಎಂದಳು. ಅವಳಿಗೇನು ನಿರ್ಧಾರ ಬೇಕೊ ನನಗೆ ಗೊತ್ತಿಲ್ಲ. ಬರುತ್ತಾನೆ ಎಂದೆ. ಮನೆಗೆ ಬಂದ ಮೇಲೆ, ಹೇಳಿದ್ದು ಸುಳ್ಳೊ ನಿಜವೊ ಎಂದು ಯೋಚಿಸುತ್ತ ಟೊಮೇಟೊಗಳನ್ನು ಎರಡು ಸಲ ತೊಳೆದೆ.

ನನಗೆ ತಿಳಿದಿರುವುದು ಇಷ್ಟು. ಆ ದಿನ ಮಫಾಲ್ದ ನಮ್ಮ ಗುಡಾಣದ ಮನೆಯಲ್ಲಿ ಜೊತೆಗೆ ಏನು ತಿನ್ನಬೇಕೆಂದು ಕೇಳಿದಳು. ಗುಡಾಣದವರಲ್ಲೆಲ್ಲ ಹಿರಿಯರಾದ ಜೆಫೆರಿನೊ ಮಾಮ ಇದ್ದರು, ವೈನ್ ಮಾಡುವ ಇನ್ನಿಬ್ಬರಿದ್ದರು. ನೀನು ಬಾಯಿ ತೆರೆಯುವ ಮೊದಲು ನಾನು ಒಳಗಿನಿಂದ ಸಾರಿನ ಮಡಕೆ ತಂದಿಟ್ಟೆ. ಹುಡುಗಿ ಹನ್ನೊಂದು ಮನೆಗಳಲ್ಲಿ ಬ್ರೆಡ್ಡು ತಿಂದು ಬಂದಿದ್ದಳು, ಹಸಿದಿದ್ದಳು, ಪಾಪ ಅನಿಸಿತು. ಎಲ್ಲರೂ ಮಡಕೆಯನ್ನು ನೋಡಿದರು. ನೀನು ಎರಡು ತಟ್ಟೆ ಸಾರು ಉಂಡೆ, “ಚೆನ್ನಾಗಿದೆ” ಎಂದೆ. ಸಂಜೆ ನಿನ್ನ ಲೋಟ ತೊಳೆದು ಮಗುಚಿಟ್ಟು, “ಅಸುನ್ಸಾಂವ್ ಮನೆ ಹೆಂಚು ಸೋರ್ತಾ ಇದೆಯಂತೆ, ನೋಡ್ಕೊಂಡು ಬರ್ತೀನಿ” ಎಂದೆ. ನಾನು ಹೆಂಚನ್ನೇ ನಂಬಿದೆ. ಎಷ್ಟು ವಾರ ನಂಬಿದೆನೆಂದು ಹೇಳಿದರೆ ನೀನು ನಗುತ್ತೀಯೆ.

ಸಾರಿಗಾಗಿ ಹೋದೆಯಾ? ಒಂದು ಮಡಕೆ ಸಾರಿಗಾಗಿ ಮೂವತ್ತೊಂದು ವರ್ಷದ ಸಂಸಾರ ಬಿಟ್ಟುಹೋಗುವವನು ನೀನಲ್ಲ ಎಂದುಕೊಳ್ಳುತ್ತೇನೆ. ಆದರೆ ಬೇರೆ ಕಾರಣ ಹುಡುಕಿದರೂ ಸಿಗುವುದಿಲ್ಲ. ನಾನು ಸೀನೆಸ್ ಕಡೆಯವಳು, ಕಡಲ ದಂಡೆಯವಳು. ನಮ್ಮಲ್ಲಿ ಸಾರು ತಂದಿಟ್ಟರೆ ಉಣ್ಣಲು ತಂದಿಟ್ಟರು ಎಂದಷ್ಟೇ ಅರ್ಥ. ಆ ಗಳಿಗೆಯಲ್ಲಿ ನಿಮ್ಮ ಊರಿನ ರೀತಿ ನನಗೆ ಮರೆತುಹೋಗಿತ್ತು.

ಸಹಿ ಹಾಕು, ಅಥವಾ ಬೇಡವೆನ್ನು. ಆದರೆ ಏನಾದರೂ ಬರೆ.

ನಿನ್ನ
ಲೆಯೊಕಾದಿಯ

ತಾ.ಕ.: ಇದರೊಳಗೆ ಇಟ್ಟಿರುವ ಪುರಸಭೆಯ ಅರ್ಜಿಯಲ್ಲಿ ಸಹಿ ಎರಡು ಕಡೆ ಬೇಕು. ಪೆನ್ಸಿಲಿನಲ್ಲಿ ಗುರುತು ಮಾಡಿದ್ದೇನೆ.


ಸಾಂತ ಊರ್ಸುಲ
ಮಂಗಳವಾರ, ೧೪ ಅಕ್ಟೋಬರ್

ಬೆಲ್ಮಿರೊ,

ಒಂಬತ್ತು ದಿನವಾಯಿತು. ಅಂಚೆಯವನು ನನ್ನನ್ನು ಕಂಡರೆ ದೂರದಿಂದಲೇ ಕೈಯಾಡಿಸಿ ಇಲ್ಲವೆನ್ನುತ್ತಾನೆ. ಸೈಕಲ್ಲಿನಿಂದ ಇಳಿಯುವ ಕಷ್ಟವನ್ನೂ ತೆಗೆದುಕೊಳ್ಳುವುದಿಲ್ಲ.

ಮೊದಲಿನ ಕಾಗದವನ್ನು ಹಾಕಿ ಬಂದ ದಿನದಿಂದ ಅದರಲ್ಲಿ ಒಂದು ವಾಕ್ಯ ನನ್ನನ್ನು ಕಾಡುತ್ತಿದೆ. ನಿಮ್ಮ ಊರಿನ ರೀತಿ ಮರೆತುಹೋಗಿತ್ತು ಎಂದು ಬರೆದೆ. ಮರೆತಿರಲಿಲ್ಲ. ಮೂವತ್ತೊಂದು ವರ್ಷ ಇಲ್ಲಿ ಅಡುಗೆ ಮಾಡಿದವಳು ಅದನ್ನು ಹೇಗೆ ಮರೆತಾಳು?

ನಡೆದದ್ದನ್ನು ಇದ್ದ ಹಾಗೆ ಹೇಳುತ್ತೇನೆ. ಆ ಹುಡುಗಿ ಬರುವ ಹಿಂದಿನ ಸಂಜೆ ನೀನು ಗುಡಾಣದಿಂದ ಒಂದು ಲೋಟ ತಂದು ಒಲೆಯ ಪಕ್ಕದಲ್ಲಿ ಇಟ್ಟೆ. “ಕುಡಿದು ನೋಡು, ಹೇಗಿದೆ?” ಎಂದೆ. ಮದುವೆಯಾದಂದಿನಿಂದ ನೀನು ನನ್ನನ್ನು ಆ ಪ್ರಶ್ನೆ ಕೇಳಿದ್ದೇ ಇಲ್ಲ. ನೀನು ಕೇಳಿದ್ದಕ್ಕೇ ನಾನು ಎಷ್ಟು ಗಲಿಬಿಲಿಗೊಂಡೆನೆಂದರೆ, ಲೋಟವನ್ನು ಎರಡು ಕೈಯಲ್ಲಿ ಹಿಡಿದೆ. ಕುಡಿದೆ. ಬೆಲ್ಮಿರೊ, ಅದು ಹುಳಿಯಾಗಿತ್ತು. ಗುಡಾಣದಲ್ಲಿ ವೈನ್ ತಳಕ್ಕಿಳಿದಿತ್ತು, ಗಾಳಿ ತಡೆಯಲು ಮೇಲೆ ಸುರಿದಿದ್ದ ಎಣ್ಣೆಯ ಪದರ ಒಡೆದು ಗಾಳಿ ಸೋಕಿರಬೇಕು. ಇನ್ನೆರಡು ವಾರದಲ್ಲಿ ಅದು ಪೂರ್ತಿ ವಿನೆಗರ್ ಆಗುವಂತಿತ್ತು. ನಾನು “ಚೆನ್ನಾಗಿದೆ” ಎಂದೆ.

ಯಾಕೆ ಹಾಗಂದೆನೊ ಈಗಲೂ ತಿಳಿಯದು. ಮೊದಲ ಸಲ ಕೇಳಿದ ಮನುಷ್ಯನಿಗೆ ಮೊದಲ ಉತ್ತರವೇ ಅದಾಗುವುದು ಬೇಡವೆನಿಸಿತೊ ಏನೊ. ನೀನು ತಲೆಯಾಡಿಸಿ ಹೋದೆ. ನಾನು ಯೋಚಿಸುತ್ತ ಕುಳಿತೆ. ನಾಳೆ ಅದನ್ನು ಅವರೆಲ್ಲರ ಮುಂದೆ ಸುರಿಯುತ್ತೀಯೆ. ಬರಿಯ ಬ್ರೆಡ್ಡಿನ ಜೊತೆ ಕುಡಿದರೆ ಹುಳಿ ನಾಲಿಗೆಯ ಮೇಲೆ ಬೆತ್ತಲೆ ನಿಲ್ಲುತ್ತದೆ. ಕಾಸಾಂವ್ ಮೀನಿನ ಸಾರಿಗೆ ನಾನೇ ವಿನೆಗರ್ ಹಾಕುತ್ತೇನೆ. ಸಾರಿನ ಹುಳಿ ಮುಂದೆ ನಡೆದರೆ ವೈನಿನ ಹುಳಿ ಅದರ ಬೆನ್ನಿಗೆ ಅಡಗುತ್ತದೆ. ಉಣ್ಣುವವರಿಗೆ ಎರಡೂ ಒಂದೇ ಅನಿಸುತ್ತದೆ. ಇದು ಅಡುಗೆಯವಳ ಲೆಕ್ಕ, ತಪ್ಪಿಲ್ಲದ ಲೆಕ್ಕ. ಅದಕ್ಕೇ ಆ ಹುಡುಗಿ ಅಷ್ಟೊಂದು ಹೊಗಳಿ ಬರೆದಳು. ಅವಳ ನಾಲಿಗೆಯ ಮಟ್ಟಿಗೆ ಅದು ನಿಜವೇ.

ಆದರೆ ನೋಡುವವರು ಮಡಕೆಯನ್ನು ಕಂಡ ಕೂಡಲೇ ನಾಲಿಗೆಗೆ ಕೆಲಸವೇ ಉಳಿಯುವುದಿಲ್ಲ ಎಂಬುದನ್ನು ನಾನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಅಥವಾ ತೆಗೆದುಕೊಂಡಿದ್ದೆನೊ? ಇದನ್ನು ಎಷ್ಟು ಸಲ ಕೇಳಿಕೊಂಡಿದ್ದೇನೆಂದರೆ, ಈಗ ಆ ದಿನದ ನನ್ನ ಮನಸ್ಸು ಬೇರೆ ಯಾರದೊ ಮನಸ್ಸಿನಂತೆ ಕಾಣುತ್ತದೆ. ನಿನ್ನನ್ನು ಮುಚ್ಚಿಡಲು ಹೋಗಿ ಬೀದಿಗೆ ತಂದೆ. ಬಾಯಲ್ಲಿ ಚೆನ್ನಾಗಿದೆ ಎಂದವಳು ಮಡಕೆಯಲ್ಲಿ ಚೆನ್ನಾಗಿಲ್ಲ ಎಂದೆ, ಅದೂ ಜೆಫೆರಿನೊ ಮಾಮನ ಎದುರಿಗೆ.

ಇನ್ನೊಂದು ವಿಷಯವಿದೆ. ಇದನ್ನು ಬರೆಯಬೇಕೊ ಬೇಡವೊ ಎಂದು ಎರಡು ಕಾಗದ ಹರಿದೆ.

ಸೆಪ್ಟೆಂಬರಿನಲ್ಲಿ ದ್ರಾಕ್ಷಿ ಹಣ್ಣಾಯಿತು. ನೀನು ಬರಲಿಲ್ಲ. ನಾನು ಕೊಯ್ಲು ಮಾಡಿಸಿದೆ. ಹಣ್ಣು ತುಳಿಸಿ, ಸಿಪ್ಪೆ ಬೀಜ ಎಲ್ಲವನ್ನೂ ಸೇರಿಸಿ ದೊಡ್ಡ ಗುಡಾಣಕ್ಕೆ ತುಂಬಿದೆ. ಹುದುಗು ಕುದಿಯುವಾಗ ಹೆಂಗಸರು ಒಳಗೆ ಕಾಲಿಡಬಾರದೆಂದು ನಿನ್ನ ತಾಯಿ ನನಗೆ ಮದುವೆಯ ವಾರದಲ್ಲೇ ಹೇಳಿದ್ದರು. ಕಾಲಿಟ್ಟೆ. ದಿನಕ್ಕೆ ಎರಡು ಬಾರಿ ಏಣಿ ಹತ್ತಿ ದೊಣ್ಣೆಯಿಂದ ಸಿಪ್ಪೆಯನ್ನು ಒಳಗೊತ್ತಿದೆ. ಸೆಕೆ ಹೆಚ್ಚಾದ ದಿನ ಗುಡಾಣ ಸಿಡಿಯದಿರಲೆಂದು ಅದರ ಹೊಟ್ಟೆಗೆ ಒದ್ದೆ ಗೋಣಿ ಸುತ್ತಿದೆ. ಮೂರನೆಯ ದಿನ ಏಣಿಯ ಮೇಲಿದ್ದಾಗ ಬಾಗಿಲಲ್ಲಿ ಜೆಫೆರಿನೊ ಮಾಮ ನಿಂತಿದ್ದರು.

“ಏನಮ್ಮ ಮಾಡ್ತಾ ಇದೀಯ ಅಲ್ಲಿ?” ಎಂದರು.

“ಧೂಳು ಹೊಡೀತಾ ಇದೀನಿ ಮಾಮ” ಎಂದೆ.

ಅವರು ನನ್ನ ಕೈಯ ದೊಣ್ಣೆ ನೋಡಿ, “ಧೂಳನ್ನ ಗೋಡೆ ಪಕ್ಕದಿಂದ ಒತ್ತಬೇಕು, ನಡುವಿಂದಲ್ಲ. ನಡುವಿಂದ ಒತ್ತಿದ್ರೆ ಧೂಳು ಮುಖಕ್ಕೆ ಹಾರುತ್ತೆ. ನಾನೇನೂ ನೋಡಿಲ್ಲ ಅನ್ಕೊ” ಎಂದು ಹೊರಟುಹೋದರು. ಮರುದಿನ ಬಾಗಿಲ ಬಳಿ ಅವರ ಉದ್ದ ಹಿಡಿಯ ದೊಣ್ಣೆ ಒರಗಿಸಿಟ್ಟಿತ್ತು.

ಈಗ ಸಿಪ್ಪೆ ತಳಕ್ಕಿಳಿಯುತ್ತಿದೆ. ನಿನ್ನೆ ಒಂದು ಲೋಟ ತೆಗೆದು ಕುಡಿದೆ. ಒಣಗಿದ ಹುಲ್ಲಿನ ಬಣ್ಣ. ಚೆನ್ನಾಗಿದೆ ಅನಿಸಿತು. ಆದರೆ ನಾನೇ ಮಾಡಿದ್ದನ್ನು ನಾನೇ ಚೆನ್ನಾಗಿದೆ ಎಂದುಕೊಂಡರೆ ಅದಕ್ಕೇನು ಬೆಲೆ? ನಿನ್ನ ಹುಳಿ ವೈನನ್ನೂ ನಾನು ಚೆನ್ನಾಗಿದೆ ಎಂದವಳಲ್ಲವೆ? ಒಂದೊಂದೇ ಅಡುಗೆಯ ಜೊತೆ ಇಟ್ಟು ನೋಡಿದೆ. ಬ್ರೆಡ್ಡಿನ ತುಂಡುಗಳನ್ನು ಹುರಿದು ಹಂದಿ ಮಾಂಸದ ಜೊತೆ ಕಲಸಿದ್ದಕ್ಕೆ ವೈನ್ ತೆಳ್ಳಗಾಯಿತು, ಕೊಬ್ಬು ಅದನ್ನು ನುಂಗಿಬಿಟ್ಟಿತು. ಸೆರ್ಪದ ಕುರಿಹಾಲಿನ ಚೀಸಿನ ಜೊತೆ ಚೆನ್ನಾಗಿ ಹೊಂದಿತು, ಆದರೆ ಚೀಸು ಅಷ್ಟು ಮಾಗಿರಬಾರದು. ಸುಟ್ಟ ಚೆಸ್ಟ್‌ನಟ್ ಅದನ್ನು ಸಿಹಿಯಾಗಿಸಿತು. ಹುರಿದ ಮೊಟ್ಟೆಯ ಜೊತೆ ಏನೂ ಆಗಲಿಲ್ಲ, ಇಬ್ಬರು ಅಪರಿಚಿತರು ಒಂದೇ ಬೆಂಚಿನಲ್ಲಿ ಕೂತ ಹಾಗೆ. ಇದನ್ನೆಲ್ಲ ಬರೆದಿಟ್ಟಿದ್ದೇನೆ. ಮಫಾಲ್ದಳಿಗೆ ಕೊಟ್ಟರೆ ಕುಣಿದಾಡುತ್ತಾಳೆ. ಆದರೆ ಯಾರ ವೈನೆಂದು ಕೊಡಲಿ? ಗುಡಾಣ ನಿನ್ನದು. ತೋಟ ನಿನ್ನ ಅಪ್ಪನದು. ನಾನು ಈ ಮನೆಯಲ್ಲಿ ಏನೆಂದು ನನಗೇ ಸ್ಪಷ್ಟವಿಲ್ಲ.

ನಿನ್ನ ಗುಡಾಣವನ್ನು ನಿನ್ನನ್ನು ಕೇಳದೆ ಮುಟ್ಟಿದ್ದಕ್ಕೆ ಸಿಟ್ಟಿದ್ದರೆ ಸಿಟ್ಟಿನಿಂದಲೇ ಬರೆ. ಬರದೆ ಇರುವವನಾದರೆ ಅದನ್ನೂ ಬರೆ. ಕಸ್ತೋದಿಯಳಿಗೆ ಹೇಳಿದ್ದು ಸುಳ್ಳೆಂದಾದರೂ ಗೊತ್ತಾಗಲಿ.

ಲೆಯೊಕಾದಿಯ


ಸೆರ್ಪ
ಸೋಮವಾರ, ೨೦ ಅಕ್ಟೋಬರ್ ೧೯೯೭

ಲೆಯೊಕಾದಿಯ,

ನನಗೆ ಬರೆಯುವುದು ಬರುವುದಿಲ್ಲವೆಂದು ನಿನಗೆ ಗೊತ್ತು. ಸೈನ್ಯದಲ್ಲಿದ್ದಾಗ ಅಮ್ಮನಿಗೆ ಬರೆದದ್ದೇ ಕೊನೆ. ಎರಡೂ ಕಾಗದ ಬಂದವು. ಮೊದಲನೆಯದನ್ನು ಓದಿ ಉತ್ತರ ಬರೆಯಲು ಹೊರಟೆ, ಏನು ಬರೆದರೂ ಸುಳ್ಳಾಗುತ್ತಿತ್ತು. ಎರಡನೆಯದನ್ನು ಓದಿದ ಮೇಲೆ ಸುಳ್ಳು ಬರೆಯಲು ಮನಸ್ಸು ಬರಲಿಲ್ಲ.

ಚಾವಣಿ ಒಂಬತ್ತು ದಿನದಲ್ಲಿ ಮುಗಿಯಿತು. ಆಮೇಲೆ ಗೋಡೆ ಬಳಿದೆ. ಆಮೇಲೆ ಯಾರೂ ಕೇಳದಿದ್ದರೂ ಕೋಳಿಗೂಡನ್ನು ಬಿಚ್ಚಿ ಮತ್ತೆ ಕಟ್ಟಿದೆ. ಕೋಳಿಗಳು ಹೊಸ ಗೂಡಿಗೆ ಹೋಗಲು ಒಪ್ಪುತ್ತಿಲ್ಲ. ಅಸುನ್ಸಾಂವ್, “ಅಣ್ಣ, ನಿನ್ನ ಸಹಾಯ ಸಾಕು ಮಾರಾಯ, ಇನ್ನು ಮನೇಲಿ ಬಿಚ್ಚೋಕೆ ನಾನೊಬ್ಳೇ ಉಳಿದಿರೋದು” ಎನ್ನುತ್ತಾಳೆ.

ಸಾರಿನ ವಿಷಯ. ನೀನು ಅಂದುಕೊಂಡದ್ದು ಅರ್ಧ ಸರಿ. ಮಡಕೆ ಬಂದಾಗ ಎಲ್ಲರೂ ಅದನ್ನು ನೋಡಿದರು, ನಾನು ಜೆಫೆರಿನೊ ಮಾಮನ ಮುಖ ನೋಡಿದೆ. ಅವರು ಆಗಲೇ ಒಂದು ಗುಟುಕು ಕುಡಿದಿದ್ದರು. ಅವರು ಮಡಕೆಯನ್ನು ನೋಡಿ ಆಶ್ಚರ್ಯಪಡಲಿಲ್ಲ, ಲೆಯೊಕಾದಿಯ. ತಾವು ಹೇಳಲಾರದ್ದನ್ನು ಮಡಕೆಯೇ ಹೇಳಿತೆಂಬಂತೆ ನಿರಾಳರಾದರು. ಆಗ ನನಗೆ ಗೊತ್ತಾಯಿತು, ವೈನ್ ಕೆಟ್ಟಿದೆಯೆಂದು. ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಇದನ್ನು ನಾನು ಯಾರಿಗೂ ಹೇಳಿಲ್ಲ. ಜನವರಿಯಲ್ಲಿ ನನಗೆ ಜ್ವರ ಬಂದಿತ್ತಲ್ಲ, ಅದು ಹೋಗುವಾಗ ನನ್ನ ಮೂಗನ್ನೂ ನಾಲಿಗೆಯನ್ನೂ ತೆಗೆದುಕೊಂಡು ಹೋಯಿತು. ಬಿಸಿ ತಣ್ಣಗೆ ಗೊತ್ತಾಗುತ್ತದೆ, ಗಟ್ಟಿ ಮೆತ್ತಗೆ ಗೊತ್ತಾಗುತ್ತದೆ, ಅಷ್ಟೆ. ವಾರದಲ್ಲಿ ಸರಿಹೋಗುತ್ತದೆ ಎಂದುಕೊಂಡೆ. ಗುಡಾಣದಿಂದ ದಿನವೂ ಒಂದು ಲೋಟ ತೆಗೆದು ಕುಡಿಯುತ್ತಿದ್ದೆ, ನೀರು ಕುಡಿದ ಹಾಗಿರುತ್ತಿತ್ತು. ಆ ಹುಡುಗಿ ಬರುತ್ತಾಳೆಂದಾಗ ಹೆದರಿಕೆಯಾಗಿ ನಿನ್ನನ್ನು ಕೇಳಿದೆ. ನೀನು ಚೆನ್ನಾಗಿದೆ ಎಂದೆ. ನಾನು ಅದನ್ನೇ ಹಿಡಿದುಕೊಂಡು ಎಲ್ಲರ ಎದುರು ಎದೆಯೆತ್ತಿ ಲೋಟ ತುಂಬಿಸಿದೆ.

ನಿನ್ನ ಮೇಲೆ ಸಿಟ್ಟು ಬಂದಿತ್ತೆ? ಬಂದಿತ್ತು. ಎರಡು ಮೂರು ತಿಂಗಳು ಇತ್ತು. ಆದರೆ ಅದು ಸಾರಿನ ಮೇಲಿನ ಸಿಟ್ಟಲ್ಲ. ತನ್ನ ವೈನ್ ಹುಳಿಯಾದದ್ದು ಗೊತ್ತಾಗದವನು ಗುಡಾಣದ ಪಕ್ಕದಲ್ಲಿ ನಿಂತು ಏನು ಮಾಡಬೇಕು? ನಿನ್ನ ಸಾರನ್ನು ಎರಡು ತಟ್ಟೆ ಉಂಡು ಚೆನ್ನಾಗಿದೆ ಎಂದೆನಲ್ಲ, ಅದರಲ್ಲಿ ಉಪ್ಪಿತ್ತೊ ಇಲ್ಲವೊ ನನಗೆ ಗೊತ್ತಿಲ್ಲ. ನಾವಿಬ್ಬರೂ ಒಬ್ಬರಿಗೊಬ್ಬರು ಚೆನ್ನಾಗಿದೆ ಎಂದುಕೊಂಡೆವು, ಒಂದು ದಿನದ ಅಂತರದಲ್ಲಿ. ಇಬ್ಬರದೂ ಸುಳ್ಳು. ದಿನವೂ ನಿನ್ನ ಎದುರು ಕೂತು ಆ ಮಾತನ್ನು ಹೇಳಿಕೊಂಡು ಉಣ್ಣುವುದು ನನ್ನಿಂದಾಗುತ್ತಿರಲಿಲ್ಲ. ಅದಕ್ಕೇ ಹೆಂಚು.

ಬೇಜಾ ಪಟ್ಟಣದ ವೈದ್ಯರು ಎರಡು ಸಲ ಮೂಗಿನೊಳಗೆ ದೀಪ ಹಿಡಿದು ನೋಡಿದರು. ಬರಬಹುದು, ಬರದೆಯೂ ಇರಬಹುದು ಎಂದರು. ಹಾಗೆ ಹೇಳುವುದಕ್ಕೆ ಅಷ್ಟು ಓದಬೇಕೆ ಎಂದು ಅಸುನ್ಸಾಂವ್ ಅವರ ಎದುರಿಗೇ ಕೇಳಿದಳು.

ಗುಡಾಣ ಮುಟ್ಟಿದ್ದಕ್ಕೆ ಸಿಟ್ಟಿಲ್ಲ. ನಾನು ಸೆಪ್ಟೆಂಬರ್ ಪೂರ್ತಿ ಇಲ್ಲಿ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದೆ, ಹಣ್ಣು ಬಳ್ಳಿಯಲ್ಲೇ ಒಣಗುತ್ತಿದೆ ಎಂದುಕೊಂಡು. ನಿನ್ನ ಕಾಗದದಲ್ಲಿ ಒದ್ದೆ ಗೋಣಿಯ ಮಾತು ಬಂದಾಗ ಓದುವುದನ್ನು ನಿಲ್ಲಿಸಿ ಅಂಗಳಕ್ಕೆ ಹೋದೆ. ಗೋಣಿಯನ್ನು ಕುತ್ತಿಗೆಯವರೆಗೆ ಸುತ್ತಿದ್ದೀಯಾ, ಹೊಟ್ಟೆಗೆ ಮಾತ್ರವೊ? ಕುತ್ತಿಗೆಗೂ ಬೇಕು. ಈಗ ಕೇಳಿ ಪ್ರಯೋಜನವಿಲ್ಲ, ಸಿಡಿದಿಲ್ಲವಲ್ಲ.

ಅರ್ಜಿಯನ್ನು ಇದರೊಳಗೆ ಇಟ್ಟಿದ್ದೇನೆ. ಎರಡು ಕಡೆಯೂ ಸಹಿ ಹಾಕಿದ್ದೇನೆ. ‘ಮಾಡಿದವರು’ ಎಂಬಲ್ಲಿ ಅವರು ಅಚ್ಚು ಮಾಡಿದ್ದ ನನ್ನ ಹೆಸರನ್ನು ಹೊಡೆದು ನಿನ್ನದನ್ನು ಬರೆದೆ. ಸಾರಿನ ಚಿತ್ರವನ್ನು ಅವರು ಇಟ್ಟುಕೊಳ್ಳಲಿ. ನಗುವವರು ನಗಲಿ. ಆ ವೈನಿಗೆ ಅದೇ ಸರಿಯಾದ ಊಟವಾಗಿತ್ತು, ಹಾಗಿರುವಾಗ ಕೈಪಿಡಿಯಲ್ಲಿ ಒಂದು ಪುಟವಾದರೂ ನಿಜವಿರಲಿ. ಆದರೆ ಅದು ಹೋದ ವರ್ಷದ ವೈನೆಂದು ಕೆಳಗೆ ಬರೆಯಿಸು. ಈ ವರ್ಷದ್ದಕ್ಕೆ ಜೊತೆಗೇನೆಂದು ನೀನು ಬರೆದಿಟ್ಟಿರುವುದನ್ನು ಮಫಾಲ್ದಳಿಗೆ ಕೊಡು. ಚೀಸಿನ ವಿಷಯ ನೀನು ಹೇಳಿದ್ದು ಸರಿಯಿರಬೇಕು. ಅಪ್ಪನೂ ಹಾಗೇ ಹೇಳುತ್ತಿದ್ದ.

ಗುರುವಾರದ ಬಸ್ಸಿಗೆ ಹೊರಡುತ್ತೇನೆ. ಬಂದು ಏನು ಮಾಡಬೇಕೆಂದು ನನಗೆ ಗೊತ್ತಿಲ್ಲ, ಅದನ್ನು ನೀನೇ ಹೇಳಬೇಕು. ಗುಡಾಣ ತೊಳೆಯಬಲ್ಲೆ. ಒಳಗೆ ರಾಳ ಬಳಿಯಬಲ್ಲೆ. ಬೆರಳಲ್ಲಿ ತಟ್ಟಿ ಬಿರುಕಿದೆಯೊ ಇಲ್ಲವೊ ಹೇಳಬಲ್ಲೆ, ಕಿವಿ ಚೆನ್ನಾಗಿದೆ. ವೈನ್ ಹೇಗಿದೆಯೆಂದು ನನ್ನನ್ನು ಕೇಳಬೇಡ. ನಾನು ಕೇಳಿದಾಗ ಮಾತ್ರ ಈ ಸಲ ಇದ್ದದ್ದನ್ನು ಹೇಳು, ಹುಳಿಯಾದರೆ ಹುಳಿ.

ನಿನ್ನ
ಬೆಲ್ಮಿರೊ

ತಾ.ಕ.: ನಿನ್ನ ಎರಡನೆಯ ಕಾಗದವನ್ನು ಬಿಡಿಸಿದಾಗ ನೀನು ಅಡುಗೆಗೆ ಹೆಚ್ಚುವ ಹೊಳೆದಂಡೆಯ ಪುದೀನದ ವಾಸನೆ ಬಂದ ಹಾಗಾಯಿತು. ಅಸುನ್ಸಾಂವಳಿಗೆ ಕೊಟ್ಟೆ. ಅವಳು ಮೂಗಿಗೆ ಹಿಡಿದು, ಕಿಟಕಿಯ ಬಳಿ ಹೋಗಿ ಮತ್ತೆ ಹಿಡಿದು, “ಏನೂ ಇಲ್ಲ ಅಣ್ಣ, ಬರೀ ಕಾಗದ” ಎಂದಳು. ಅವಳಿಗೆ ಆಗ ನೆಗಡಿಯಿತ್ತು. ಹಾಗಾಗಿ ಯಾರ ಮೂಗನ್ನು ನಂಬುವುದೊ ತಿಳಿಯುತ್ತಿಲ್ಲ. ಬರೆಯಲು ಕೂರುವ ಮೊದಲು ನೀನು ಏನು ಹೆಚ್ಚಿದ್ದೆ ಎಂದು ನೆನಪು ಮಾಡಿಕೊಂಡಿರು. ಕಾಗದದಲ್ಲಿ ಬರೆದು ಕಳಿಸಬೇಡ. ಬಂದು ಕೇಳುತ್ತೇನೆ.